ದೊಡ್ಡಮ್ಮನ ಶತಾವರಿ ಬಳ್ಳಿ

ಹಸಿ ಬಟಾಣಿ ಸುಲಿಯುವಾಗ ಬರುವ ವಾಸನೆಗೆ ಮಳೆ ಬಿದ್ದ ಮಣ್ಣಿನ ವಾಸನೆ ಬೆರೆತರೆ ಹೇಗಿರುತ್ತದೋ, ಬೇರಿಕೆ ಊರಿನ ಹತ್ತಿರದ ತೋಟದಲ್ಲಿ ಅದರ ಒಡತಿ ಲಕ್ಷ್ಮಮ್ಮ ಕಡ್ಡಿಯೊಂದನ್ನು ಮುರಿದು ನನ್ನ ಕೈಗಿಟ್ಟಾಗ ಹಾಗೊಂದು ವಾಸನೆ ಬಂತು. ನಮ್ಮ ಯಜಮಾನರು ತೀರಿಕೊಂಡ ಮೇಲೆ ನಾನು ಮನೆ ಬಿಟ್ಟು ಹೊರಟದ್ದೇ ಕಡಿಮೆ. ಮೊಮ್ಮಕ್ಕಳು ಚಿನ್ನು, ನಿತ್ಯ ಇಬ್ಬರೂ ಹಟ ಹಿಡಿದದ್ದಕ್ಕೆ ಬಂದೆ. ಮಳೆ ಕಂಡ ನೆಲದಿಂದ ಬೆರಳು ದಪ್ಪದ ಹಸಿರು ಕಡ್ಡಿಗಳು ಸಾಲುಸಾಲಾಗಿ ಎದ್ದಿದ್ದವು. ಅವುಗಳ ನಡುವೆ ಎದೆಯೆತ್ತರಕ್ಕೆ ಬೆಳೆದು, ಬಿಚ್ಚಿದ ಜಡೆಯಂತೆ ಹರಡಿಕೊಂಡಿದ್ದ ಕೆಲವಕ್ಕೆ ಚಿನ್ನು ಕೈ ಹಾಕಿದ್ದೇ ತಡ, ಲಕ್ಷ್ಮಮ್ಮ ಕೂಗಿದಳು.

"ಅದನ್ನ ಮುಟ್ಬೇಡ ಕಣ್ಲಾ! ಅದು ತಾಯಿ ಕಡ್ಡಿ. ಅದು ಬಿಸ್ಲು ಕುಡುದ್ರೇನೇ ಕೆಳಗೆ ಬೇರು ತುಂಬೋದು. ಎಲ್ಲಾನೂ ಮುರ್ಕೊಂಡ್ರೆ ಬೇರು ಸೊರಗೋಯ್ತದೆ."

"ಆಂಟಿ, ಇದು ಆಸ್ಪರಾಗಸ್ ತಾನೆ? ನಾನು ಹೋಟೆಲಲ್ಲಿ ತಿಂದಿದೀನಿ," ಎಂದಳು ನಿತ್ಯ.

"ಹೋಟ್ಲಲ್ಲಿ ನೀನು ತಿಂದಿರೋದು ಬಾಡೋಗಿರೋದು. ಇದನ್ನ ಸಾಪ್ಟು ಪಾರು, ತಿಂದು ನೋಡು, ಆಮೇಲೆ ಹೇಳು."

ನಾವು ಮೂವರೂ ಬದುವಿನ ಮೇಲೆ ಕೂತು ಹಸಿಯಾಗಿಯೇ ಕಚ್ಚಿದೆವು. ಮೊದಲು ಸಿಹಿ, ಕೊನೆಗೆ ತುಸು ಒಗರು. ಆ ಒಗರು ನಾಲಿಗೆಗೆ ತಾಗಿದಾಗ ಮನಸ್ಸಿನಲ್ಲಿ ನಾನು ಮತ್ತೆ ಚಿಕ್ಕವಳಾಗಿ ಸಾನಮಾವು ಕಾಡಂಚಿನ ನನ್ನ ತವರುಮನೆಯ ಬಚ್ಚಲ ಹಿಂದೆ ನಿಂತಿದ್ದೆ. ಆ ಮನೆ ಈಗಿಲ್ಲ, ಅಲ್ಲೊಂದು ಗೋಡೌನಿನ ತಗಡು ಹೊಳೆಯುತ್ತದೆ. ಅಂದು ಅಲ್ಲಿ ಬಚ್ಚಲ ನೀರು ಕುಡಿದು ಬೇಲಿಗೆ ಹಬ್ಬಿದ ಶತಾವರಿ ಬಳ್ಳಿಯಿತ್ತು. ನಾವು ತಿಂದ ಈ ಕಡ್ಡಿಯ ಕಾಡಿನ ದಾಯಾದಿ ಅದು, ಮೈಯೆಲ್ಲ ಮುಳ್ಳು. ಅದನ್ನು ನೆಟ್ಟವಳು ನನ್ನ ದೊಡ್ಡಮ್ಮ ನಂಜಮ್ಮ, ನನ್ನ ಅಪ್ಪನ ಅತ್ತಿಗೆ. ಅವಳಿಗೆ ಮಕ್ಕಳಿರಲಿಲ್ಲ. ಶತಾವರಿ ಬೇರನ್ನು ಹಾಲಿನಲ್ಲಿ ಕುದಿಸಿ ಕುಡಿದರೆ ಬಸಿರು ನಿಲ್ಲುತ್ತದೆ ಎಂದು ಯಾರೋ ಹೇಳಿದ್ದರು. ಬೇರು ಬಲಿಯಲಿ ಎಂದು ಅವಳು ವರ್ಷಗಟ್ಟಲೆ ಕಾದಿದ್ದಳು. ಮುಂಗಾರಿಗೆ ಎಳೆ ಮೊಳಕೆ ಎದ್ದಾಗ ನಾವು ಮಕ್ಕಳು ಆಸೆಯಿಂದ ಸುತ್ತುತ್ತಿದ್ದೆವು. "ಯಾರಾದ್ರೂ ಮುರುದ್ರೆ ಬೆರಳು ಮುರೀತೀನಿ" ಎಂದು ಗದರಿ ಓಡಿಸುತ್ತಿದ್ದಳು.

ಒಂದು ಕಾರ್ತಿಕದಲ್ಲಿ ನನ್ನ ತಮ್ಮ ಹುಟ್ಟಿದ. ಅಮ್ಮನಿಗೆ ಹಾಲು ಇಳಿಯಲಿಲ್ಲ. ಹಸಿಕೂಸು ಅತ್ತೂ ಅತ್ತೂ ಅದರ ದನಿ ಬೆಕ್ಕಿನ ಮರಿಯದಂತಾಯಿತು. ಎದೆಹಾಲಿಗೂ ಶತಾವರಿ ಬೇರೇ ಮದ್ದು. ಆದರೆ ರಾಗಿ ತೆನೆ ಕಟ್ಟಿದ ಕಾಲವದು, ಆನೆಗಳು ಕಾಡಂಚಿಗೇ ಬಂದು ನಿಂತಿದ್ದವು. ಬೇರು ಅಗೆಯಲು ಒಳಗೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಬಚ್ಚಲ ಹಿಂದಿನ ಬಳ್ಳಿ ಎಲ್ಲರ ಕಣ್ಣಿಗೂ ಬಿದ್ದಿತ್ತು, ಕೇಳುವ ಬಾಯಿ ಮಾತ್ರ ಯಾರಿಗೂ ಬರಲಿಲ್ಲ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ದೊಡ್ಡಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ಗುದ್ದಲಿ ಹಿಡಿದು ಹೋದಳು. ಅಜ್ಜಿ ಹಿಂದೆಯೇ ಓಡಿದಳು. "ಅಯ್ಯೋ ನಂಜಿ, ಪೂರ್ತಿ ಕೀಳ್ಬೇಡ ಕಣೇ. ನಿಂಗೂ ಬೇಕಲ್ಲ!"

"ಬಂದಿರೋನು ಕುಡೀಲಿ ಬುಡು ಅತ್ತೆ," ಎಂದಳು ದೊಡ್ಡಮ್ಮ, ತಲೆಯೆತ್ತದೆ. "ಬರೋನು ಕಾಯ್ತಾನೆ."

ಬೆಳ್ಳನೆಯ ಬೇರುಗಳು ಗೊಂಚಲುಗೊಂಚಲಾಗಿ ಮೇಲೆ ಬಂದವು. ಒಂದನ್ನೂ ಉಳಿಸಿಕೊಳ್ಳದೆ, ಬುಡವನ್ನಷ್ಟೇ ಮತ್ತೆ ಮಣ್ಣಿಗಿಟ್ಟಳು. ಸಿಪ್ಪೆ ತೆಗೆದು, ನಡುವಿನ ನಾರೆಳೆದು, ಬೆಲ್ಲ ಹಾಕಿ ಹಾಲಿನಲ್ಲಿ ಬೇಯಿಸಿ, ಹೊತ್ತುಹೊತ್ತಿಗೆ ಅಮ್ಮನಿಗೆ ತಾನೇ ಕುಡಿಸಿದಳು. ಅಮ್ಮನ ರವಿಕೆ ಒದ್ದೆಯಾದ ದಿನ, ಹೊಟ್ಟೆ ತುಂಬಿ ಮಲಗಿದ ಕೂಸಿನ ಕೆನ್ನೆ ಹಿಂಡಿ, "ಈಗ ಅರಚು ನೋಡಾನ, ಬಡ್ಡೀಮಗನೆ" ಎಂದು ನಕ್ಕಳು.

ಮರುವರ್ಷ ಮುಂಗಾರಿಗೆ ಬುಡ ಚಿಗುರಿತು. ನಾವು ಹೆದರಿ ದೂರದಲ್ಲೇ ನಿಂತಿದ್ದೆವು. ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಬಂದ ದೊಡ್ಡಮ್ಮ ಬಳ್ಳಿಯ ಬುಡದ ಬಳಿಗೆ ಹೋದಳು. ಆಮೇಲೆ ಬಗ್ಗಿ ಮೊದಲ ಮೊಳಕೆಯನ್ನು ಚಟಕ್ಕನೆ ಮುರಿದಳು.

"ಯಾಕ್ರಲಾ ಹಂಗ್ ನೋಡ್ತೀರಾ? ಬನ್ನಿ, ಮುರೀರಿ. ತಿನ್ನೋ ಬಾಯಿ ಇಷ್ಟಿರುವಾಗ ಬೇರು ಕಾಯ್ಕೊಂಡು ಏನ್ ಮಾಡ್ಲಿ?"

ಅಂದು ತೊಗರಿಬೇಳೆಯ ಜತೆ ಬೇಯಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಒಂದೇ ತಟ್ಟೆಯಲ್ಲಿ ಕಲಸಿ ನಮ್ಮೆಲ್ಲರ ಬಾಯಿಗೂ ತುತ್ತಿಟ್ಟಳು. ಬರಬೇಕಾದವನು ಬರಲೇ ಇಲ್ಲ. ಅವಳು ಮತ್ತೆ ಆ ಬೇರಿನ ಹಾಲು ಕುಡಿದದ್ದನ್ನೂ ನಾನು ನೋಡಲಿಲ್ಲ. ಆದರೆ ಪ್ರತಿ ಮಳೆಗಾಲ ನಮಗೆ ಆ ಸಾರು ಸಿಗುತ್ತಿತ್ತು, ಅವಳಿರುವವರೆಗೂ.

ಲಕ್ಷ್ಮಮ್ಮನ ತೋಟದಿಂದ ತಂದ ಕಡ್ಡಿಯಲ್ಲಿ ಅರ್ಧವನ್ನು ಕೆಲಮಂಗಲದಲ್ಲಿರುವ ನನ್ನ ತಮ್ಮನಿಗೆ ಕಳಿಸಿದೆ. ಅವನಿಗೂ ಈಗ ತಲೆ ನರೆತಿದೆ. ಸಂಜೆ ಫೋನು ಮಾಡಿ, "ಅಕ್ಕಾ, ಬೇಳೆ ಹಾಕಿ ಬೇಯಿಸಿದ್ವಿ. ಅವ್ವ ಮಾಡ್ದಂಗೇ ಬಂತು" ಎಂದ. ನಮ್ಮನ್ನು ಹೆತ್ತವಳನ್ನು ಅವನು ನನ್ನ ಹಾಗೆಯೇ ಅಮ್ಮ ಎನ್ನುತ್ತಿದ್ದ. ಅವ್ವ ಎಂದು ಕರೆಯುತ್ತಿದ್ದದ್ದು ದೊಡ್ಡಮ್ಮನನ್ನು.