ಅಪ್ಪನ ಕೈಯ ಸರಪಳಿಯನ್ನು ಮೈಲಾರಲಿಂಗ ಇಳಿಸಿದ್ದು

ಇವತ್ತು ಭಾನುವಾರ. ಬೆಳಿಗ್ಗೆ ನಲ್ಲಿ ಬಂದಾಗ ಕೊಡ, ಬಕೆಟ್ ಎಲ್ಲ ತುಂಬಿಟ್ಟೆ. ಅಪ್ಪನ ಚಾದರ, ದಿಂಬಿನ ಚೀಲ ಬಿಸಿನೀರಿನಲ್ಲಿ ನೆನೆಹಾಕಿ ಒಗೆದೆ. ಕಫದ ಡಬ್ಬಿ ತೊಳೆದು ಬಿಸಿಲಿಗಿಟ್ಟೆ. ಗಿರಣಿಗೆ ಹೋಗಿ ಜೋಳ ಬೀಸಿಸಿಕೊಂಡು ಬಂದೆ. ದೇವರ ಜಗುಲಿ ಒರೆಸಿ ಮೈಲಾರಲಿಂಗನಿಗೆ ಭಂಡಾರದ ಅರಿಶಿನ ಏರಿಸಿದೆ. ಕಿಟಕಿಗೆ ಗಾಜು ಕೂರಿಸುವವನು ಕೊನೆಗೂ ಬಂದ. ಅವನಿಗೆ ಚಹಾ ಕೊಟ್ಟು, ಬಿದ್ದ ಚೂರುಗಳನ್ನು ಗುಡಿಸಿದೆ. ಇಷ್ಟೂ ಮುಗಿದು, ಮಧ್ಯಾಹ್ನದ ಊಟವೂ ಆದ ಮೇಲೆ ನಿಮಗೆ ಬರೆಯಲು ಕುಳಿತಿದ್ದೇನೆ, ಏಳುಕೋಟಿ ಎಂದು ಮೈಲಾರಲಿಂಗನನ್ನು ಕೂಗುವ ನನ್ನ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ.

ಆ ಗಾಜು ಒಡೆದವನು ನಮ್ಮಪ್ಪ. ಒಡೆದದ್ದು ದೇವರ ಸರಪಳಿಯಿಂದ.

ನಾವು ಯಾದಗಿರಿ ಕಡೆಯವರು. ಅಪ್ಪ ಪ್ರಾಯದಲ್ಲೇ ಪುಣೆಗೆ ಬಂದು ಪಿಂಪ್ರಿ-ಚಿಂಚವಾಡದಲ್ಲಿ ಎದ್ದ ಎಷ್ಟೋ ಕಟ್ಟಡಗಳಿಗೆ ಇಟ್ಟಿಗೆ ಕಟ್ಟಿದ ಗೌಂಡಿ. ಅವ್ವ ತೀರಿಕೊಂಡ ಮೇಲೆ ಅಲ್ಲೇ ನಿಗಡಿಯಲ್ಲಿ ನನ್ನ, ನನ್ನ ಗಂಡನ ಜೊತೆಗೇ ಇದ್ದಾನೆ. ಮನೆದೇವರು ಮೈಲಾರಲಿಂಗ, ನಮ್ಮ ಬಾಯಲ್ಲಿ ಮಲ್ಲಯ್ಯ. ವರ್ಷಕ್ಕೊಮ್ಮೆ ದೇವರ ಪೂಜೆಯಲ್ಲಿ ಕಬ್ಬಿಣದ ಸರಪಳಿಯನ್ನು ಒಂದೇ ಜಗ್ಗಿಗೆ ಹರಿಯುವ ಸೇವೆ ನಮ್ಮ ಮನೆತನದ್ದು. ಅದನ್ನು ಮಾಡುತ್ತಿದ್ದವನು ಅಪ್ಪ. ಹರಿದದ್ದನ್ನು ಮತ್ತೆ ಬೆಸೆಸಿದ ಆ ಸರಪಳಿ ಜಗುಲಿಯ ಮೇಲೇ ಇರುತ್ತದೆ.

ಮಳೆಗಾಲದಲ್ಲಿ ಹಿಡಿದ ಕೆಮ್ಮು ದಸರೆಯಾದರೂ ಬಿಡಲಿಲ್ಲ. ಕೆಮ್ಮಿದಾಗ ಟವೆಲ್ಲಿನಲ್ಲಿ ರಕ್ತ ಕಂಡಿತು. ದೊಡ್ಡಾಸ್ಪತ್ರೆಯಲ್ಲಿ ಎದೆಯಿಂದ ಚೂರು ತೆಗೆದು ನೋಡಿ, ಶ್ವಾಸಕೋಶದ ಕ್ಯಾನ್ಸರ್ ಎಂದರು. ಕೀಮೋ ಶುರುವಾಯಿತು. ಬಸ್ಸಿನಲ್ಲಿ ಹೋಗುವಾಗ ಅಪ್ಪ ಮುಂದಿನ ಸೀಟಿನ ಕಂಬಿಗೆ ಹಣೆ ಕೊಟ್ಟು ಕೂರುತ್ತಿದ್ದ. ಬರುವಾಗ ನನ್ನ ಮಡಿಲಲ್ಲಿ ವಾಂತಿಯ ಚೀಲ.

ಮೊದಲನೆಯ ಕೀಮೋ ಮುಗಿದ ಮರುದಿನ ಅಪ್ಪ ಸ್ನಾನ ಮಾಡಿ ಜಗುಲಿಯ ಮುಂದೆ ನಿಂತ. ಹಣೆಗೆ ಭಂಡಾರ ಬಳಿದುಕೊಂಡು, "ಮಲ್ಲಯ್ಯಾ, ಈ ಗಡ್ಡಿ ನನ್ನ ಎದಿ ಬಿಡೂತನಕ ನಾ ಉಪ್ಪ ಬಿಟ್ಟೆ" ಎಂದ. ನಮ್ಮಲ್ಲಿ ಹರಕೆಗೆ ಭಾನುವಾರ ಒಂದು ದಿನ ಸಪ್ಪನೆ ಉಣ್ಣುವುದುಂಟು. ಅಪ್ಪ ಏಳೂ ದಿನ ಬಿಟ್ಟ. ಸಪ್ಪನೆಯ ಬೇಳೆ, ಸಪ್ಪನೆಯ ರೊಟ್ಟಿ. ನಮಗೆಲ್ಲ ಹೆಮ್ಮೆಯೇ. ಕೀಮೋಕ್ಕೆ ನೀರು ಚೆನ್ನಾಗಿ ಕುಡಿಯಬೇಕು ಎಂದು ಯಾರೋ ಹೇಳಿದ್ದರಿಂದ ನಾನು ತಂಬಿಗೆಯ ಮೇಲೆ ತಂಬಿಗೆ ನೀರು ಕೊಡುತ್ತಿದ್ದೆ.

ಆಮೇಲೆ ಅಪ್ಪ ಬದಲಾದ. ಮೊದಲು ನನ್ನ ಹೆಸರು ಮರೆತ. ನಂತರ ಉಂಡ ತಾಟನ್ನು ಗೋಡೆಗೆ ಎಸೆದ. ನಾನು ಹುಟ್ಟಿದಾಗಿನಿಂದ ನನ್ನ ಮೇಲೆ ಬೆರಳೆತ್ತದ ಮನುಷ್ಯ ನನ್ನ ತುರುಬು ಹಿಡಿದು ಬಾಗಿಲಿಗೆ ಗುದ್ದಿದ. ಮುಂದಿನ ಕೀಮೋಕ್ಕೆ ಹೋದಾಗ ಕೈಯ ಸೂಜಿಯನ್ನು ಕಿತ್ತೆಸೆದ. ರಕ್ತ ಬಿಳಿ ಹಾಸಿಗೆಯ ತುಂಬ ಚಿಮ್ಮಿತು. ಹಿಡಿಯಲು ಬಂದ ನರ್ಸಿನ ಹೊಟ್ಟೆಗೆ ಒದ್ದ. ನಾಚಿಕೆಗೆ ತಲೆ ಎತ್ತಲಾಗದೆ, ಡಾಕ್ಟರರು ಬರುವ ಮೊದಲೇ ನಾವು ಅವನನ್ನು ಎಬ್ಬಿಸಿಕೊಂಡು ಮನೆಗೆ ಬಂದುಬಿಟ್ಟೆವು.

ಆ ಭಾನುವಾರ ನಾನು ರೊಟ್ಟಿ ಬಡಿಯುತ್ತಿದ್ದೆ. ಹಿಂದೆ ಕಬ್ಬಿಣ ಉರುಳಿದ ಸದ್ದಾಯಿತು. ಅಪ್ಪ ಸರಪಳಿ ಹಿಡಿದು ನಿಂತಿದ್ದ. ಕಣ್ಣು ಕೆಂಡ.

"ಯಾರ ಬೇ ನೀ? ನನ್ನ ಮಗಳ ಸೀರಿ ಉಟಗೊಂಡು ನಿಂತೀಯಲ್ಲ! ನನ್ನ ಮಗಳನ್ನ ಏನ ಮಾಡ್ದಿ?"

"ಅಪ್ಪಾ, ನಾನ ನಾಗವ್ವ."

ಬೀಸಿಯೇ ಬಿಟ್ಟ. ಕಿಟಕಿಯ ಗಾಜು ಪುಡಿಯಾಯಿತು. ಎರಡನೆಯ ಏಟಿಗೆ ಅಡ್ಡ ಹಿಡಿದ ನನ್ನ ಮಣಿಕಟ್ಟು ಒಣ ಕಟ್ಟಿಗೆಯ ಹಾಗೆ ಲಟಕ್ಕೆಂದಿತು. ನಮ್ಮ ಮನೆಯವರು ಓಡಿ ಬಂದು ತಬ್ಬಿ ಹಿಡಿದರು. ಸರಪಳಿಯ ತುದಿ ಅವರ ಕಿವಿಯನ್ನು ಹರಿದು ಅಂಗಿಯೆಲ್ಲ ಕೆಂಪಾಯಿತು. ಎದುರು ಮನೆಯ ಮರಾಠಿ ಬಾಯಿ ಬಾಗಿಲಲ್ಲಿ ನಿಂತು, "ತಾಈ, ಪೊಲಿಸಾಂನಾ ಬೋಲವೂ ಕಾ?" ಪೊಲೀಸರನ್ನು ಕರೆಯಲೇ ಎಂದು ಕೇಳುತ್ತಿದ್ದರು. ಪೊಲೀಸರು ಬೇಡ ಎಂದು ಕೈಮುಗಿಯಲು ಹೋದೆ. ಒಂದು ಕೈ ಮೇಲೇಳಲಿಲ್ಲ.

ಅಪ್ಪನನ್ನು ಹೇಗೋ ಒಳಕೋಣೆಗೆ ನೂಕಿ ಚಿಲಕ ಹಾಕಿದರು. ಫೋನು ಹೋದದ್ದು ಸಾಬಣ್ಣ ಕಾಕಾನಿಗೆ, ಅಪ್ಪನ ತಮ್ಮನಿಗೆ. ಅವನದು ಪುಣೆ ಹತ್ತಿರದ ಶಿರೂರಿನಲ್ಲಿ ಈರುಳ್ಳಿ ಸಾಗಿಸುವ ಟೆಂಪೊ. ಬರುವಾಗ ಹಗ್ಗವನ್ನೂ ತಂದಿದ್ದ.

"ಇದು ಬ್ಯಾನಿ ಅಲ್ಲ ನಾಗವ್ವ. ಏನೋ ತಪ್ಪಾಗ್ಯಾದ, ದೇವ್ರು ಸಿಟ್ಟಾಗ್ಯಾನ. ಊರಿಗಿ ಒಯ್ದು ಕಂಬಕ್ಕ ಕಟ್ಟಿ, ಬಾರಕೋಲ್ಲೆ ನಾಕ ಕೊಟ್ರ ತಾನ ಇಳೀತದ."

"ಕಾಕಾರ, ಆ ಎದಿ ಬಾರಕೋಲು ತಡೀತದೇನ್ರಿ?" ಎಂದರು ನಮ್ಮ ಮನೆಯವರು, ಕಿವಿಗೆ ಬಟ್ಟೆ ಒತ್ತಿಕೊಂಡೇ.

"ತಡೀಲಿಕ್ಕಿಲ್ಲ ಅಂದ್ರ ನೀ ಇನ್ನೊಂದ ಕಿವಿ ಕೊಟ್ಟು ಕೂಡು, ಅಳಿಯಾ."

ಬೇರೆ ದಾರಿ ಕಾಣದೆ ನಮ್ಮ ಮನೆಯವರೂ ಕೈ ಜೋಡಿಸಿದರು; ಚಿಲಕ ತೆಗೆದು ಇಬ್ಬರೂ ಸೇರಿ ಅಪ್ಪನನ್ನು ಕೆಡವಿದರು. ಅಪ್ಪ ಕಚ್ಚಿದ, ಉಗುಳಿದ, ಅವ್ವನ ಹೆಸರು ಹಿಡಿದು ಬೈದ. ಕಾಕಾ ಎದೆಯ ಮೇಲೆ ಮೊಣಕಾಲೂರಿ ಕೈಗಳನ್ನು ಹಿಂದಕ್ಕೆ ಬಿಗಿದ. ಬೇನೆಯ ಎದೆಯ ಮೇಲೆ ಆ ಮೊಣಕಾಲು ನೋಡಿದೆ. ಜಗುಲಿಯ ಮುಂದೆ ಬಿದ್ದುಬಿಟ್ಟೆ. ಬಾಯಿಗೆ ಬಂದದ್ದು ಪ್ರಾರ್ಥನೆಯೋ ಬೈಗುಳವೋ ಗೊತ್ತಿಲ್ಲ.

"ಮಲ್ಲಯ್ಯಾ, ಎಲ್ಲಾರೂ ಅವನ ಮ್ಯಾಲ ಕೈ ಎತ್ಯಾರ. ನೀ ಒಬ್ಬನರ ಅವನ ಕೈ ಹಿಡಿ. ಒಯ್ಯೂದಿದ್ರ ನನ್ನ ಅಪ್ಪ ಆಗಿ ಒಯ್ಯಿ, ಹಿಂಗ ಒಯ್ಯಬ್ಯಾಡ. ಊರ ದಾರಿ ಹಿಡೀಲಿಕ್ಕೆ ಬಿಡಬ್ಯಾಡ."

ಅಪ್ಪನನ್ನು ಟೆಂಪೊಗೆ ಇಳಿಸುತ್ತಿದ್ದ ಕಾಕಾನ ಕೂಗು ಮೆಟ್ಟಿಲಿನಲ್ಲಿ ಕೇಳಿತು. ಓಡಿ ಹೋದೆ. ಅಪ್ಪನಿಗೆ ಸೆಳೆತ ಬಂದಿತ್ತು. ಕೈಕಾಲು ಕೊಡೆಯ ಕಡ್ಡಿಯ ಹಾಗೆ ಸೆಟೆದು, ಬಾಯಲ್ಲಿ ನೊರೆ, ಹಿಮ್ಮಡಿ ಮೆಟ್ಟಿಲಿಗೆ ಬಡಿಯುತ್ತಿತ್ತು. ಬಾರಕೋಲಿನ ಮಾತಾಡಿದ ಕಾಕಾ ಚಿಕ್ಕ ಹುಡುಗನ ಹಾಗೆ, "ಅಣ್ಣಾ, ಅಣ್ಣಾ" ಎನ್ನುತ್ತ ತಾನೇ ಬಿಗಿದ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಿದ್ದ.

ಊರಿಗೆಂದು ಬಂದಿದ್ದ ಟೆಂಪೊ ಆಸ್ಪತ್ರೆಯ ಕಡೆ ಹೊರಟಿತು. ಹಿಂದೆ ಈರುಳ್ಳಿ ಸಿಪ್ಪೆಯ ಮೇಲೆ ನಾವು ಅಪ್ಪನ ತಲೆ ಹಿಡಿದು ಕುಳಿತಿದ್ದೆವು. ಕಾಕಾ ಹಾರ್ನಿನಿಂದ ಕೈ ತೆಗೆಯಲೇ ಇಲ್ಲ.

ರಕ್ತದ ವರದಿ ನೋಡಿದ ಡಾಕ್ಟರಮ್ಮ, ಇವರ ಊಟ ಏನು ಎಂದು ಮರಾಠಿಯಲ್ಲಿ ಕೇಳಿದರು. ನಾನು ಹರಕೆಯ ಮಾತು ಹೇಳಿದೆ.

"ಮೀಠಚ್ ನಾಹೀ?" ಉಪ್ಪೇ ಇಲ್ಲವೇ ಎಂದು ಮತ್ತೊಮ್ಮೆ ಕೇಳಿ, ಕುರ್ಚಿ ಎಳೆದುಕೊಂಡು ನಮ್ಮ ಹತ್ತಿರ ಕುಳಿತರು. ಈ ಜಾತಿಯ ಗಡ್ಡೆ ತಾನೇ ಮೈಯಲ್ಲಿ ನೀರು ನಿಲ್ಲಿಸಿ ರಕ್ತದ ಉಪ್ಪಿನಂಶವನ್ನು ಇಳಿಸುತ್ತದೆ. ಅದರ ಮೇಲೆ ಇಷ್ಟು ನೀರು, ಉಪ್ಪಿಲ್ಲದ ಊಟ. ಉಪ್ಪಿಳಿದಾಗ ಮಿದುಳು ಊದುತ್ತದೆ, ಮನುಷ್ಯ ತನ್ನವರನ್ನು ಗುರುತಿಸುವುದಿಲ್ಲ, ಕೈ ಮಾಡುತ್ತಾನೆ, ಸೆಳೆತವೂ ಬರುತ್ತದೆ. "ಇನ್ನೂ ತಡವಾಗಿದ್ದರೆ ಉಳಿಸಲು ಆಗುತ್ತಿರಲಿಲ್ಲ" ಎಂದರು.

ಊರು ತಲುಪಲು ಇಡೀ ರಾತ್ರಿ ಬೇಕಿತ್ತು. ಸೆಳೆತ ನಡುರಾತ್ರಿಯ ದಾರಿಯಲ್ಲಿ ಬರಬಹುದಿತ್ತು. ಬಂದದ್ದು ನಮ್ಮ ಮೆಟ್ಟಿಲಿನಲ್ಲಿ. ಕೇಳಿದವರು ಏನಾದರೂ ಅನ್ನಲಿ, ಅಪ್ಪನ ಕೈ ಹಿಡಿದವನು ಯಾರೆಂದು ನನಗೆ ಗೊತ್ತು.

ಉಪ್ಪುನೀರನ್ನು ನರಕ್ಕೆ ನಿಧಾನವಾಗಿ ಬಿಟ್ಟರು. ಅವಸರ ಮಾಡಿದರೆ ಅದೂ ಅಪಾಯವಂತೆ. ಕುಡಿಯುವ ನೀರಿಗೆ ಲೆಕ್ಕ ಹಾಕಿದರು. ನನ್ನ ಕೈಗೆ ಪ್ಲಾಸ್ಟರ್ ಬಿತ್ತು. ಎರಡು ದಿನ ಅಪ್ಪ ಕಣ್ಣು ಬಿಟ್ಟರೂ ನೋಟದಲ್ಲಿ ಯಾರೂ ಇರಲಿಲ್ಲ. ಮೂರನೆಯ ದಿನ ಚಹಾ ಕುಡಿಸುವಾಗ ನನ್ನ ಪ್ಲಾಸ್ಟರ್ ಮುಟ್ಟಿದ.

"ನಾಗವ್ವ, ಕೈಗಿ ಏನಾತು? ಯಾರ ಹೊಡದ್ರು?"

ಸೆರಗಿನಿಂದ ಪ್ಲಾಸ್ಟರ್ ಮುಚ್ಚಿಕೊಂಡೆ. "ಯಾರ ಹೊಡೀತಾರಪ್ಪ? ಬಚ್ಚಲ ಮೋರಿಯಾಗ ಜಾರಿ ಬಿದ್ದೆ."

"ಅಳಿಯನ ಕಿವಿಗಿ?"

"ಅವ್ರೂ ಜಾರಿದ್ರು."

"ಇಬ್ರೂ ಕೂಡೇ ಜಾರಿದ್ರೇನು? ಮೋರಿ ತಿಕ್ಕೂದಿಲ್ಲೇನ ನೀ?"

ಕಾಕಾ ನಕ್ಕ, ನಗುತ್ತಲೇ ಗೋಡೆಯ ಕಡೆ ತಿರುಗಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ಆದರೆ ತೊಡಕು ಮುಗಿಯಲಿಲ್ಲ. ಬುದ್ಧಿ ಬಂದ ಅಪ್ಪ ಉಪ್ಪು ಹಾಕಿದ ಗಂಜಿಯನ್ನು ಬಾಯಿಗಿಡಲು ಒಪ್ಪಲಿಲ್ಲ. "ದೇವ್ರಿಗಿ ಮಾತು ಕೊಟ್ಟೀನಿ. ಸತ್ತರೂ ಸೈ." ಡಾಕ್ಟರಮ್ಮ ಹೇಳಿದರು, ನಾನು ಅತ್ತೆ. ಬಾಯಿ ತೆರೆಯಲಿಲ್ಲ. ಕೊನೆಗೆ ಕಾಕಾ ಎದ್ದು ಬಂದು ಹಾಸಿಗೆಯ ಪಕ್ಕದಲ್ಲಿ ಮೊಣಕಾಲೂರಿದ.

"ಅಣ್ಣಾ, ಒಂದ ಮನೀ ಹರಕಿ ಯಾರ ತೀರಿಸಿದ್ರೂ ತೀರತದ. ನಿಂದು ನನಗ ಕೊಡು."

"ನೀನಾ? ಉಪ್ಪಿನಕಾಯಿ ಬರಣಿಗೇ ಬಾಯಿ ಹಚ್ಚಾಂವ!"

"ಅದಕ್ಕ ಕೇಳ್ಲಾಕತ್ತೀನಿ. ನಿನ್ನ ಎದಿ ಮ್ಯಾಲ ಮೊಣಕಾಲು ಇಟ್ಟಾಂವ ನಾ."

ಸರಪಳಿಯ ಏಟಿನಿಂದ ಹಿಡಿದು ನಡೆದದ್ದನ್ನೆಲ್ಲ ಕಾಕಾ ಹೇಳಿದ, ಹೀಗೆ ಅಪ್ಪನಿಗೆ ಎಲ್ಲ ತಿಳಿಯಿತು. ನನ್ನ ಪ್ಲಾಸ್ಟರಿನ ಮೇಲೆ ಕೈಯಾಡಿಸಿದ. ಆಮೇಲೆ ನನ್ನ ಸೆರಗಿನ ಗಂಟಿನಲ್ಲಿದ್ದ ಭಂಡಾರವನ್ನು ಕೇಳಿ ತೆಗೆದುಕೊಂಡು, ಮೊದಲು ತನ್ನ ಹಣೆಗಿಟ್ಟು, ಅದೇ ಬೆರಳಿನಿಂದ ತಮ್ಮನ ಹಣೆಗೆ ಹಚ್ಚಿದ. "ಏಳುಕೋಟಿ" ಎಂದ. ಬಾಯಿ ತೆರೆದ. ನಾನು ಗಂಜಿ ಉಣಿಸಿದೆ.

ನನ್ನ ಪ್ಲಾಸ್ಟರ್ ಬಿಚ್ಚಿದ್ದಾರೆ. ಕೀಮೋ ಮತ್ತೆ ಶುರುವಾಗಿದೆ. ಅಪ್ಪ ಒದ್ದ ನರ್ಸಿಗೆ ಅವನೇ ಕೈಮುಗಿದ. ಆಕೆ, "ಆಜೋಬಾ, ಆತಾ ಲಾಥ ಮಾರೂ ನಕಾ" ಅಜ್ಜಾ, ಇನ್ನು ಒದೆಯಬೇಡಿ ಎಂದು ನಗುತ್ತ ಸೂಜಿ ಚುಚ್ಚಿದಳು. ಹೊಸ ಸ್ಕ್ಯಾನಿನಲ್ಲಿ ಗಡ್ಡೆ ಸಣ್ಣದಾಗಿದೆ. ಹೋಗಿಲ್ಲ, ಮುಂದೆ ಬೆಳೆಯಲೂಬಹುದು ಎಂದು ಡಾಕ್ಟರಮ್ಮ ಮುಚ್ಚಿಡದೆ ಹೇಳಿದ್ದಾರೆ. ನಾನು ಮಲ್ಲಯ್ಯನಲ್ಲಿ ಕೇಳಿದ್ದು ನನ್ನ ಅಪ್ಪನನ್ನು, ಅವನು ಕೊಟ್ಟ. ಎಷ್ಟು ದಿನಕ್ಕೆ ಎಂದು ನಾನು ಕೇಳಿರಲಿಲ್ಲ, ಈಗಲೂ ಕೇಳುವುದಿಲ್ಲ. ನಿಮ್ಮ ಮನೆಯಲ್ಲೂ ಇಂಥ ಬೇನೆ ಇದ್ದರೆ, ಹರಕೆ ಹೊರುವ ಮೊದಲು ಡಾಕ್ಟರರಿಗೆ ಒಂದು ಮಾತು ಹೇಳಿ. ದೇವರು ಅದಕ್ಕೆ ಮುನಿಯುವುದಿಲ್ಲ.

ಇವತ್ತು ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಕಾಕಾ ಶಿರೂರಿನಿಂದ ಬಂದಿದ್ದ, ಅವನದು ಬೇರೆ ಪಾತ್ರೆ. "ಹೆಂಗದೋ ರುಚಿ?" ಎಂದು ಅಪ್ಪ ಕೆಣಕಿದ. "ನಿನ್ನ ಮಾರಿ ಹಂಗದ, ಸಪ್ಪಗ" ಎಂದ ಕಾಕಾ. ಅಪ್ಪ ಒಂದೂವರೆ ರೊಟ್ಟಿ ಉಂಡ. ಕಾಕಾ ಅಪ್ಪನ ಮಂಚದ ಕೆಳಗೆ ಚಾಪೆ ಹಾಸಿಕೊಂಡು, ಮಾತಿನ ನಡುವೆಯೇ, ಎಲ್ಲರಿಗಿಂತ ಮೊದಲು ನಿದ್ದೆ ಹೋದ.