ಸದ್ದಿಲ್ಲದ ಟೈರು
ಮನೆಯೊಳಗೆ, ಹಿಂದಿನ ಚಕ್ರ ರೋಲರಿಗೆ ಒತ್ತಿಕೊಂಡು ತಿರುಗುವ ಸ್ಟ್ಯಾಂಡಿನ ಮೇಲೆ, ವ್ಯಾಯಾಮಕ್ಕೆಂದು ಸೈಕಲ್ ತುಳಿಯುವವರಿಗೆ ಟೈರು ಆರಿಸಿಕೊಡುವುದರಲ್ಲಿ ನಮ್ಮ ಬೀದಿಯ ಸೈಕಲ್ ಅಂಗಡಿ ಅಕ್ಕನನ್ನು ಮೀರಿಸಿದವರಿಲ್ಲ. ಬಂದವರನ್ನು ಅವರು ಮೊದಲು ಕೇಳುವುದೇ "ಕೆಳಗಿನ ಮನೇಲಿ ಯಾರಿದ್ದಾರೆ?" ಎಂದು. ಆಮೇಲೆ ಟೈರನ್ನು ಕೆನ್ನೆಗೆ ಒತ್ತಿ ನೋಡುತ್ತಾರೆ. ಚೂರು ಒರಟೆನಿಸಿದರೂ "ಇದು ರಸ್ತೆಗೆ ಸರಿ, ಮನೆಯೊಳಗೆ ಗುಂಯ್‌ಗುಡುತ್ತೆ" ಎಂದು ಪಕ್ಕಕ್ಕಿಡುತ್ತಾರೆ. ಅವರು ಕೊಟ್ಟ ಟೈರು ಮಹಡಿಯಲ್ಲಿ ಎಷ್ಟೇ ತಿರುಗಲಿ, ಕೆಳಗಿನ ತೊಟ್ಟಿಲಲ್ಲಿ ಮಗು ಮಗ್ಗುಲೂ ಬದಲಿಸುವುದಿಲ್ಲ. ಹೃದಯದ ಆಪರೇಷನ್ ಆಗಿದ್ದ ಮೇಷ್ಟ್ರಿಗೆ ಮಾತ್ರ ಮೊನ್ನೆ ಗಂಟುಗಂಟಾದ ಟೈರು ಹಾಕುತ್ತಿದ್ದರು. "ಯಾಕಕ್ಕ, ಇದು ಸದ್ದು ಮಾಡುತ್ತಲ್ಲ?" ಎಂದೆ. "ಮಾಡಲಿ. ಒಳಗಿರೋ ಹೆಂಡತಿಗೆ ಕೇಳಿಸ್ತಾ ಇರಬೇಕು. ನಮ್ಮನೆಯವರಿಗೆ ನುಣುಪಾದದ್ದೇ ಹಾಕಿಕೊಟ್ಟಿದ್ದೆ. ಅವರು ತುಳಿಯೋದು ನಿಂತಿದ್ದು ಪಕ್ಕದ ಕೋಣೇಲಿದ್ದ ನನಗೆ ಗೊತ್ತಾಗಲೇ ಇಲ್ಲ" ಎಂದು ಅಕ್ಕ ಗಾಳಿ ತುಂಬತೊಡಗಿದರು.