ಎಡಗಡೆಯ ಮಾಲೆ

ಬಾಣಂತಿಯ ಎದೆಹಾಲು ಬತ್ತಬೇಕಾದರೆ ಎದೆಗೆ ಮಲ್ಲಿಗೆ ಕಟ್ಟಬೇಕು ಎಂಬುದು ಶಂಕರಪುರದ ಹೆಂಗಸರಿಗೆಲ್ಲ ಗೊತ್ತು. ಹಾಲು ಬತ್ತಿಸುವ ಹೂವು ಎದೆಯಲ್ಲಿ ಬರಬಹುದಾದ ಗಡ್ಡೆಯನ್ನೂ ಏಕೆ ಬತ್ತಿಸಬಾರದು ಎಂದುಕೊಂಡವಳು ಸುಗಂಧಿ ಒಬ್ಬಳೇ.

ಅಕ್ಕ ವಾರಿಜ ಸ್ತನ ಕ್ಯಾನ್ಸರಿನಲ್ಲಿ ತೀರಿಕೊಂಡ ಮೇಲೆ, ತಾನು ದಿನಾ ನುಂಗುವ ಗರ್ಭನಿರೋಧಕ ಮಾತ್ರೆಯಿಂದಲೂ ಆ ಕಾಯಿಲೆ ಬರಬಹುದೆಂದು ಕೇಳಿದ್ದ ಅವಳಿಗೆ ಅದು ವಿಷದಂತೆ ಕಾಣುತ್ತಿತ್ತು. ಬಿಟ್ಟರೆ ಮತ್ತೊಂದು ಬಸುರಿನ ಭಯ. ಒಂದು ಸಂಜೆ ಅವಳು ಮೊಗ್ಗಿನ ಎರಡು ಮಾಲೆಗಳನ್ನು ಎದೆಗೆ ಸುತ್ತಿಕೊಂಡು ಮಲಗಿದಳು. ಬಲಕ್ಕೆ ತಾನು ಕಟ್ಟಿದ್ದು, ಎಡಕ್ಕೆ ಅಮ್ಮ ಕಟ್ಟಿದ್ದು.

ಬೆಳಿಗ್ಗೆ ಬಲಗಡೆಯ ಮಾಲೆ ಪೂರ್ತಿ ಅರಳಿತ್ತು. ಎಡಗಡೆಯದರಲ್ಲಿ ಒಂದು ಮೊಗ್ಗೂ ಬಾಯಿ ಬಿಟ್ಟಿರಲಿಲ್ಲ. ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗೆ, ಗಟ್ಟಿಯಾಗಿದ್ದವು.

ಎದ್ದೆನೋ ಬಿದ್ದೆನೋ ಎಂದು ಮಣಿಪಾಲದ ಆಸ್ಪತ್ರೆಗೆ ಓಡಿದಳು. ಪರೀಕ್ಷೆಯಲ್ಲಿ ಎರಡು ಕಡೆಯೂ ಏನೂ ಇರಲಿಲ್ಲ.

"ಮಾತ್ರೆಯಿಂದ ಅಪಾಯ ಸ್ವಲ್ಪ ಹೆಚ್ಚುವುದು ಉಂಟು. ಬಿಟ್ಟ ಮೇಲೆ ಮೆಲ್ಲ ಇಳಿಯುತ್ತದೆ," ಎಂದರು ಡಾಕ್ಟರಮ್ಮ. "ಹೆದರಿಕೆಯಾದರೆ ಕಾಪರ್-ಟಿ ಹಾಕಿಸಿಕೊಳ್ಳಿ, ಅದರಲ್ಲಿ ಹಾರ್ಮೋನ್ ಇಲ್ಲ. ಆದರೆ ಮಾತ್ರೆ ನುಂಗದವರಿಗೂ ಈ ಕಾಯಿಲೆ ಬರುತ್ತದೆ, ವಯಸ್ಸಾದಷ್ಟೂ ಹೆಚ್ಚು."

ಬಸ್ಸಿನಲ್ಲಿ ನಿರಾಳವಾಗಿ ಕೂತಿದ್ದವಳಿಗೆ ಕಟಪಾಡಿ ದಾಟುವಾಗ ಥಟ್ಟನೆ ಹೊಳೆಯಿತು. ಅರಳದೆ ಉಳಿದದ್ದು ಅಮ್ಮ ಕಟ್ಟಿದ ಮಾಲೆ.

ಅಮ್ಮ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಹೂ ಕಟ್ಟುತ್ತಿದ್ದಳು.

"ಅಮ್ಮಾ, ನಿನ್ನ ಎದೆಯಲ್ಲಿ ಎಂತಾದರೂ ಉಂಟಾ?"

ಅಮ್ಮನ ಬೆರಳು ನಿಂತಿತು. ಸೆರಗನ್ನು ಎಡಗಡೆಗೆ ಬಿಗಿಯಾಗಿ ಎಳೆದುಕೊಂಡಳು.

"ನಾನು ಒಂದು ಮಾತ್ರೆಯನ್ನೂ ನುಂಗಿದವಳಲ್ಲ ಮಗಾ," ಎಂದಳು. "ನನಗೆ ಹೇಗೆ ಬಂತು?"